ಹರವಿಯ ಬಾಯಿಗೆ ಕಟ್ಟಿದ ಬಟ್ಟೆ

ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಹೂವಿನ ಹಿಪ್ಪರಗಿಯ ಜನ್ನತಬಿ ಹೊರ್ತಿಯ ಆಚೆಗಿನ ಒಂದು ಸಣ್ಣ ಹಳ್ಳಿಗೆ ಸೊಸೆಯಾಗಿ ಬಂದಳು. ಗಂಡ ದಾವಲಮಲಿಕ ಒಕ್ಕಲುತನದ ಮನುಷ್ಯ. ಮನೆಯವರಿಗಿಂತ ಎತ್ತುಗಳ ಜೊತೆಗೇ ಅವನ ಮಾತು ಹೆಚ್ಚು. ಅತ್ತೆ ಬಿಬಿಜಾನಳ ಬಾಯಿ ಜೋರು, ಕೈ ಧಾರಾಳ. ಬೈಯುತ್ತಲೇ ಸೊಸೆಯ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದಳು.

ಮೊದಲ ಬೇಸಿಗೆಯಲ್ಲೇ ಜನ್ನತಬಿ ನಾರುಹುಣ್ಣು ಕಂಡಳು. ಗಂಡನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಬೆಂಕಿಯಂತೆ ಉರಿದು, ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳು ತಲೆ ಹಾಕಿತು. ಅತ್ತೆ ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನವೂ ಇಷ್ಟಿಷ್ಟೇ ಎಳೆದಳು. ಅವಸರ ಮಾಡಿದರೆ ಹುಳು ಹರಿದು ಕಾಲೆಲ್ಲ ಬಾಯುತ್ತಿತ್ತು. ಮಳೆಗೆ ಮೊದಲು ಹೊಲ ಹರಗಬೇಕಾದ ಗಂಡಸು ಪಡಸಾಲೆಯಲ್ಲಿ ಕಾಲು ಚಾಚಿ ಕೂತ. ಓಣಿಯ ಪ್ರತಿ ಮನೆಯಲ್ಲೂ ಒಬ್ಬರು ಹಾಗೆ ಕೂತಿದ್ದರು. ಬೇಸಿಗೆ ಬಂದರೆ ಬಿಸಿಲು ಬರುವಂತೆ ನಾರೂ ಬರುತ್ತದೆ ಎಂದು ಊರು ಒಪ್ಪಿಕೊಂಡಿತ್ತು.

ಜನ್ನತಬಿಗೆ ಒಪ್ಪಲಾಗಲಿಲ್ಲ. ತವರಿನಲ್ಲಿ ಅವರ ಓಣಿಯಲ್ಲಿದ್ದದ್ದು ಹಗ್ಗ ಬಿಟ್ಟು ಸೇದುವ ಬಾವಿ. ಅಲ್ಲಿ ಯಾರಿಗೂ ಈ ಕಾಟವಿರಲಿಲ್ಲ. ಇಲ್ಲಿಯದು ಮೆಟ್ಟಿಲು ಬಾವಿ. ಹುಣ್ಣಿನ ಕಾಲಿನವರೂ ನೀರಿಗಿಳಿದು, ಅಲ್ಲೇ ನಿಂತು ಕೊಡ ತುಂಬುತ್ತಿದ್ದರು. ಆ ಬೇಸಿಗೆ ಮೈಲಿಬ್ಯಾನೆಯ, ಅಂದರೆ ಸಿಡುಬಿನ, ಲಸಿಕೆ ಹಾಕಲು ಬಂದವನೊಬ್ಬ ಬೇವಿನ ಮರದ ಕೆಳಗೆ ನಿಂತು, ನಾರು ಹುಟ್ಟುವುದು ಕುಡಿಯುವ ನೀರಿನಿಂದ, ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳಿದ. ಜನ ತಲೆಯಾಡಿಸಿ ಎದ್ದುಹೋದರು. ಕೊಡ ಹೊತ್ತು ನಿಂತು ಕೇಳಿದ ಜನ್ನತಬಿ ಮಾತ್ರ ಮನೆಗೆ ಬಂದವಳೇ ಹಳೆಯ ಇಳಕಲ್ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಕುಡಿಯುವ ನೀರು ತುಂಬಿಡುವ ಹರವಿಯ ಬಾಯಿಗೆ ಕಟ್ಟಿದಳು.

ಅತ್ತೆ ಕೆಂಡವಾದಳು.

“ನಮ್ಮತ್ತಿ ಕುಡದಾಳ, ನಾ ಕುಡದೇನಿ. ಈ ನೀರಾಗ ನಿನಗೊಬ್ಬಾಕಿಗೇ ಹುಳ ಕಂಡಾವೇನು?”

ಜನ್ನತಬಿ ಬಟ್ಟೆಯನ್ನು ಬಿಚ್ಚಲಿಲ್ಲ. ಮುಂಜಾನೆ ನೀರು ತಂದು ಸೋಸುವುದು, ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕುವುದು ಕಸ ಹೊಡೆದಷ್ಟೇ ಸಹಜವಾಯಿತು. ಬಿಬಿಜಾನ ಹಟಕ್ಕೆ ಬಿದ್ದು ಪಕ್ಕದ ಮನೆಯ ರೇವವ್ವನ ಹತ್ತಿರ ಹೋಗಿ ಸೋಸದ ನೀರು ಕುಡಿದು ಬರುತ್ತಿದ್ದಳು.

ಮುಂದಿನ ಬೇಸಿಗೆ ದಾವಲಮಲಿಕನ ಮೊಣಕಾಲ ಕೆಳಗೆ ಮತ್ತೆ ನಾರು ಎದ್ದಿತು. ಒಂದು ವರ್ಷ ಸೋಸಿದ್ದೆಲ್ಲ ದಂಡವಾಯಿತೆಂದು ಓಣಿ ನಕ್ಕಿತು. ಅತ್ತೆ ಬಾವಿಕಟ್ಟೆಯಲ್ಲೂ ಅದನ್ನೇ ಸಾರಿ ಬಂದಳು. ಜನ್ನತಬಿ ಕೊಟ್ಟಿಗೆಯ ಹಿಂದೆ ಕೂತು ಅತ್ತಳು. ಇಷ್ಟಾದ ಮೇಲೆ ಬಟ್ಟೆ ಬಿಚ್ಚಿಬಿಡುವುದೇ ಸರಿ ಎಂದುಕೊಂಡು ಒಳಗೆ ಬಂದರೆ, ಕಾಲು ಚಾಚಿ ಕೂತಿದ್ದ ದಾವಲಮಲಿಕ ತಾಯಿಗೆ ಹೇಳುತ್ತಿದ್ದ:

“ತೊಗರಿ ಬಿತ್ತಿದ ಮರುದಿನಾನ ಕಾಯಿ ಬರ್ತಾವೇನವ್ವ? ಇದು ಆಕಿ ಸೋಸೂಕಿಂತ ಮದಲ ಕುಡದ ನೀರಿನ ಹುಳ ಇರಬೇಕು. ಸೋಸಲಿ ಬಿಡು.”

ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ಅವಳು ಅದೇ ಮೊದಲು ಕೇಳಿದ್ದು. ಹರವಿಯ ಬಟ್ಟೆ ಹಾಗೇ ಉಳಿಯಿತು. ಕಾಲು ವಾಸಿಯಾದ ಮೇಲೆ ಅವನು ಹೊಲಕ್ಕೆ ಹೋಗುವಾಗ ತಾನಾಗಿಯೇ ಒಂದು ತುಂಡು ಕೇಳಿ ಇಸಿದುಕೊಂಡ. ಹಳ್ಳದ ನೀರನ್ನೂ ಚಂಬಿನ ಬಾಯಿಗೆ ಅದನ್ನಿಟ್ಟೇ ಕುಡಿಯತೊಡಗಿದ. ಜೊತೆಯವರು ನಕ್ಕು ಚಾಷ್ಟಿ ಮಾಡಿದರೂ ಬಿಡಲಿಲ್ಲ.

ಮೂರನೆಯ ಬೇಸಿಗೆ ಅವನ ಕಾಲು ನೆಟ್ಟಗಿದ್ದವು. ರೋಹಿಣಿ ಮಳೆಗೆ ಮೊದಲೇ ಹೊಲವನ್ನೆಲ್ಲ ಹರಗಿ ಮುಗಿಸಿದ. ನಾರು ಎದ್ದದ್ದು ಬಿಬಿಜಾನಳ ಕಾಲಿನ ಹರಡಿನ ಮೇಲೆ. ಈಗ ಕಡ್ಡಿ ಹಿಡಿದು ಕೂತವಳು ಜನ್ನತಬಿ. ನೋವಾಗದಂತೆ ಬೇವಿನ ಸೊಪ್ಪು ಕುದಿಸಿದ ನೀರು ಹನಿಸುತ್ತ, ದಿನವೂ ಒಂದೊಂದು ಸುತ್ತು ಸುತ್ತುತ್ತಿದ್ದಳು. ಚುಚ್ಚುಮಾತು ಒಂದನ್ನೂ ಆಡಲಿಲ್ಲ. ಆಡುತ್ತಾಳೆಂದು ಕಾದು ಕಾದು ಸಾಕಾಗಿ ಮುದುಕಿಯೇ ಕೊನೆಗೆ ಬಾಯಿಬಿಟ್ಟಳು.

“ನೀರಡಿಕಿ ಆಗೇತಿ. ಆ ನಿನ್ನ ಹರವ್ಯಾಗಿಂದ ಕೊಡು.”

ಅದನ್ನು ಕಂಡು ರೇವವ್ವ ಮರುದಿನವೇ ತನ್ನ ಹರವಿಗೂ ಬಟ್ಟೆ ಕಟ್ಟಿದಳು. ಹುಣ್ಣಿದ್ದವರು ಬಾವಿಗಿಳಿಯದಂತೆ ಅವರ ಕೊಡವನ್ನು ಉಳಿದವರು ತುಂಬಿಕೊಡುವ ರೂಢಿಯನ್ನೂ ಜನ್ನತಬಿ, ರೇವವ್ವ ಇಬ್ಬರೇ ಹಾಕಿದರು. ಓಣಿ ಒಮ್ಮೆಗೇ ಬದಲಾಗಲಿಲ್ಲ. ಕೆಲವರು ಹಬ್ಬದ ದಿನ ಸೋಸಿ ಉಳಿದ ದಿನ ಮರೆಯುತ್ತಿದ್ದರು. ಆದರೂ ಜನ್ನತಬಿಯ ಮಕ್ಕಳು ಸಾಲಿಗೆ ಹೋಗುವಷ್ಟು ದೊಡ್ಡವರಾಗುವ ಹೊತ್ತಿಗೆ ಪಡಸಾಲೆಗಳಲ್ಲಿ ಕಾಲು ಚಾಚಿ ಕೂತವರು ಅಪರೂಪವಾದರು. ಅವಳ ಮಕ್ಕಳಿಗಂತೂ ನಾರಿನ ಉರಿ ಎಂದರೆ ಏನೆಂದೇ ಗೊತ್ತಾಗಲಿಲ್ಲ.

ಒಂದು ಸಲ ಬಿಬಿಜಾನ ಮಗಳು ಶಮಶಾದಬಿಯ ಮನೆಗೆಂದು ಆಲಮೇಲಕ್ಕೆ ಹೋದಳು. ಮಗಳು ಕೊಟ್ಟ ನೀರಿನ ಚಂಬನ್ನು ಹಿಂದಕ್ಕೆ ಸರಿಸಿ, ಸೋಸದ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದಳಂತೆ. ನಮ್ಮ ಜನ್ನತಬಿಯನ್ನು ನೋಡಿ ಕಲಿ ಎಂದೂ ಹೇಳಿದಳಂತೆ. ರಮಜಾನ್ ಹಬ್ಬಕ್ಕೆ ಬಂದ ಶಮಶಾದಬಿ ನಗುತ್ತ ಇದನ್ನು ಹೇಳಿದಾಗ ಜನ್ನತಬಿಯ ಕಣ್ಣು ತುಂಬಿ ಬಂದವು. ಬಿಬಿಜಾನ ಮಾತ್ರ, ತಾನು ಹಾಗೆ ಅಂದೇ ಇಲ್ಲವೆಂದು ಸಂಜೆಯವರೆಗೂ ಮಗಳ ಜೊತೆ ವಾದ ಹಾಕಿದಳು.