ಬಾಗಿಲಿನಿಂದ ಕುರ್ಚಿಯವರೆಗೆ ಚಾಪೆ

ಅನಘಾ, ನಿಹಾಲ್, ಅಮೆರಿಕದ ಹರ್ನ್‌ಡನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಫ್ರಿಕಾದ ಆಂಟಿ ನೆನಪಿದ್ದಾರೆಯೇ? ನಿಮ್ಮ ಸ್ಕೂಲ್ ಬಸ್ ಓಡಿಸುತ್ತಿದ್ದವರು. ನನ್ನ ಇಂಗ್ಲಿಷ್ ತಡವರಿಸಿದಾಗಲೆಲ್ಲ "ನೋ ಪ್ರಾಬ್ಲಂ, ಅಜ್ಜಿ" ಎಂದು ನಗುತ್ತಿದ್ದರು. ಯಾರೂ ಹೇಳದಿದ್ದರೂ ಬಾಗಿಲಲ್ಲೇ ಬೂಟು ಕಳಚಿ ಕಾಫಿಗೆ ಬರುತ್ತಿದ್ದರು.

ಆಫ್ರಿಕಾದಲ್ಲಿ ಅವರ ಊರಿನ ಯಜಮಾನರಾಗಿದ್ದ ದೊಡ್ಡಪ್ಪ ತೀರಿಕೊಂಡ ಮೇಲೆ ಅಲ್ಲಿನ ಹಿರಿಯರು ಫೋನ್ ಮಾಡಿ, ಇನ್ನು ಊರಿನ ಯಜಮಾನಿಕೆ ನಿನ್ನದೇ ಎಂದರಂತೆ. ಅಲ್ಲಿಗೆ ಹೊರಡುವ ದಿನ ನಮ್ಮ ಮನೆಗೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಮಾತನ್ನು ನನಗೆ ತಿಳಿಸಿದವಳು ನೀನೇ, ಅನಘಾ.

"ಅಜ್ಜಿ, ಆಂಟಿ ಈಗ ಚೀಫ್. ಶೂಸ್ ತೆಗೆಯಲ್ಲ. ಬರಿಗಾಲು ಫ್ಲೋರ್‌ಗೆ ಟಚ್ ಆದ್ರೆ ಊರಿಗೆ ಬ್ಯಾಡ್ ಅಂತೆ. ಇಲ್ಲಿಂದ್ಲೇ ಬೈ ಅಂತಾರೆ."

ಬೂಟು ಹಾಕಿಕೊಂಡು ಒಳಗೆ ಬರಲು ಅವರಿಗೆ ಮನಸ್ಸಿಲ್ಲ. ಕಾಫಿ ಕೊಡದೆ ಕಳಿಸಲು ನನಗೆ ಮನಸ್ಸಿಲ್ಲ. ನಾನು ನಮ್ಮೂರಿಂದ ತಂದಿದ್ದ ಚಾಪೆಯನ್ನು ಬಾಗಿಲಿನಿಂದ ಕುರ್ಚಿಯವರೆಗೆ ಹಾಸಿದೆ.

"ಈಗ ನೆಲ ಎಲ್ಲಿದೆ? ಬನ್ನಿ" ಎಂದೆ, ಕನ್ನಡದಲ್ಲೇ.

ಅವರಿಗೆ ಅರ್ಥವಾಯಿತು. ಬೂಟು ಕಳಚಿ ಚಾಪೆಯ ಮೇಲೆ ನಡೆದು ಬಂದು ಕುಳಿತರು. "ನೋ ಪ್ರಾಬ್ಲಂ, ಅಜ್ಜಿ" ಎನ್ನುತ್ತಲೇ ಕಣ್ಣೊರೆಸಿಕೊಂಡರು.

ಆ ಚಾಪೆ ನನ್ನ ಮಂಚದ ಕೆಳಗಿದೆ. ನಾನು ಬರೆದಿಟ್ಟ ಈ ಹಾಳೆಗಳನ್ನು ಅದರೊಳಗೇ ಸುತ್ತಿಡಿ, ಮಕ್ಕಳೇ. ಅವರು ಮತ್ತೆ ಬಂದಾಗ ಚಾಪೆ ಬಿಚ್ಚಲೇಬೇಕಲ್ಲ, ಆಗ ಅವರಿಗೂ ಓದಿ ಹೇಳಿ.