ಕೆಳಗಿನ ಮನೆಯಲ್ಲಿ ಅತ್ತೆಗಿಟ್ಟ ಎಡೆ

2008 ನವೆಂಬರ್ 2, ಭಾನುವಾರ, ಬೆಳಿಗ್ಗೆ ಏಳೂಕಾಲು. ಪ್ಲಿಮತ್, ಮಿಷಿಗನ್.

ದೀಪಾವಳಿಗೆ ಅಮ್ಮ ಕಟ್ಟಿದ್ದ ಚೆಂಡುಹೂವಿನ ತೋರಣ ಬಾಗಿಲಲ್ಲೇ ಬಾಡಿ, ಅದರ ಒಗರು ವಾಸನೆ ಅಡುಗೆಮನೆಯವರೆಗೂ ಬರುತ್ತಿದೆ. ಅಮ್ಮನಿಗೆ ಅದು ಹಬ್ಬದ ವಾಸನೆ. ನನಗೆ ಷಿಕಾಗೋದ ಇಟ್ಟಿಗೆ ಮನೆಯದು. ಆಗ ಮಹಡಿಯಲ್ಲಿ ನಾವು, ಕೆಳಗೆ ಮನೆಯೊಡತಿ, ಮೆಕ್ಸಿಕೋದ ಲೂಪೆ ಆಂಟಿ. ಆ ಮನೆಯನ್ನು ಕೆಡವಿದ್ದಾರೆ. ಒಳ್ಳೆಯದಾಯಿತು ಎಂದು ಅಪ್ಪ ಹೇಳಿದ ದಿನ ನಾನು ಊಟ ಬಿಟ್ಟು ಎದ್ದೆ.

ಸರೋಜತ್ತೆ ಅಪ್ಪನ ತಂಗಿ. ಮಿಷಿಗನ್ನಿನ ಸೌತ್‌ಫೀಲ್ಡಿನಲ್ಲಿದ್ದ ಗಂಡನನ್ನು ಬಿಟ್ಟು, ಒಂದು ಸೂಟ್‌ಕೇಸ್ ಹಿಡಿದು ನಮ್ಮಲ್ಲಿಗೆ ಬಂದವಳು. ಅಪ್ಪ ಅವಳೊಡನೆ ಮಾತು ಬಿಟ್ಟಿದ್ದ. ಹಾಗಾಗಿ ಅವಳ ಹಗಲೆಲ್ಲ ಕೆಳಗಿನ ಅಡುಗೆಮನೆಯಲ್ಲೇ ಕಳೆಯುತ್ತಿತ್ತು. ಲೂಪೆ ಆಂಟಿ ಜೋಳದ ಹಿಟ್ಟು ನಾದುತ್ತ, ಅತ್ತೆ ಕಾಫಿ ಸೋಸುತ್ತ, ಇಬ್ಬರೂ ಹರಕು ಇಂಗ್ಲಿಷಿನಲ್ಲಿ ಗಂಡಸರನ್ನು ಬೈಯುತ್ತಿದ್ದರು. 1998ರ ಚಳಿಗಾಲದಲ್ಲಿ ಅತ್ತೆ ನ್ಯುಮೋನಿಯಾದಿಂದ ತೀರಿಕೊಂಡಳು. "ತವರಿಗೆ ಹೋದೋಳು, ತಿಥಿ ಅಣ್ಣಾನೇ ಮಾಡ್ಲಿ" ಎಂದರು ಗಂಡನ ಕಡೆಯವರು. "ಕೊಟ್ಟ ಹೆಣ್ಣು, ಅವ್ರೇ ಮಾಡ್ಬೇಕು" ಎಂದ ಅಪ್ಪ. ಯಾರೂ ಮಾಡಲಿಲ್ಲ.

ಮರುವರ್ಷ ಇದೇ ನವೆಂಬರ್ 2ರಂದು, ಸತ್ತವರು ಮನೆಗೆ ಬರುತ್ತಾರೆಂದು ಮೆಕ್ಸಿಕೋದವರು ನಂಬುವ ದಿನ, ನನಗಾಗ ಹನ್ನೊಂದು, ಲೂಪೆ ಆಂಟಿ ತಮ್ಮ ಸತ್ತವರಿಗಾಗಿ ಮೇಜು ಸಿಂಗರಿಸಿದ್ದರು. ಮೋಂಬತ್ತಿ, ನೀರು, ಸಿಹಿ ಬ್ರೆಡ್ಡು, ಸಕ್ಕರೆಯ ತಲೆಬುರುಡೆಗಳು. ಬರುವವರು ದಾರಿ ತಪ್ಪದಿರಲೆಂದು ಬಾಗಿಲಿನಿಂದ ಮೇಜಿನವರೆಗೂ ಚೆಂಡುಹೂವಿನ ಎಸಳು. ಅವರ ಗಂಡ ಮತ್ತು ತಾಯಿಯ ಫೋಟೊಗಳ ನಡುವೆ ಅತ್ತೆಯದೂ ಒಂದು, ಅದರ ಮುಂದೆ ಹಬೆಯಾಡುವ ಕಾಫಿ. ನನ್ನನ್ನು ಕರೆಯಲು ಇಳಿದುಬಂದ ಅಪ್ಪ ಅಲ್ಲೇ ನಿಂತ.

"ಇದೇನೇ ಗೊಂಬೆ ಹಬ್ಬ? ಬುರುಡೆ ಮಿಠಾಯಿ ಮಧ್ಯೆ ನನ್ ತಂಗೀನ ಕೂರ್ಸಿದಾರೆ. ಫೋಟೊ ನೀನ್ ಕೊಟ್ಯಾ?"

"ಅತ್ತೆ ಗೇವ್ ಇಟ್ ಹರ್‌ಸೆಲ್ಫ್, ಡ್ಯಾಡ್."

ಅವಳು ನಮ್ಮ ಮನೆಯವಳು, ತೆಗೆಯಿರಿ ಎಂದು ಅಪ್ಪ ಇಂಗ್ಲಿಷಿನಲ್ಲಿ ಗದರಿದ. ಲೂಪೆ ಆಂಟಿ ಕದಲಲಿಲ್ಲ. "ನಿಮ್ಮವಳೇ, ಮಿಸ್ಟರ್. ಮೇಲೆ ಅವಳಿಗೆ ಒಂದು ಲೋಟ ನೀರಿಟ್ಟಿದ್ದೀರಾ? ಈಗಲೇ ಬಂದು ನೋಡಲಾ?"

ಅಪ್ಪ ಫೋಟೊ ಕಿತ್ತು ಜೇಬಿಗಿಟ್ಟು, ಎಸಳುಗಳನ್ನು ತುಳಿದುಕೊಂಡೇ ಹೊರಟ. ತಿಂಗಳೊಳಗೆ ಮಿಷಿಗನ್ನಿಗೆ ಬಂದೆವು. ಅತ್ತೆಯ ಬೇರೆ ಫೋಟೊ ನಮ್ಮಲ್ಲಿಲ್ಲ. ಅದನ್ನೇನು ಮಾಡಿದೆ ಎಂದು ಕೇಳಿದಾಗಲೆಲ್ಲ ಅಪ್ಪ ಟಿವಿಯ ಸದ್ದು ಏರಿಸುತ್ತಾನೆ. ನಾನು ಅವನನ್ನು ಕ್ಷಮಿಸಿಲ್ಲ. ಲೂಪೆ ಆಂಟಿಯೂ ಈಗಿಲ್ಲ.

ಈ ವರ್ಷ ನನ್ನ ಕೋಣೆಯಲ್ಲಿ ನಾನೇ ಅತ್ತೆಗೆ ಎಡೆ ಇಡುತ್ತಿದ್ದೇನೆ. ಕಾಫಿಯೊಂದನ್ನು ಬಿಟ್ಟರೆ ಅವಳಿಗೆ ಏನಿಷ್ಟವಿತ್ತೆಂದು ನನಗೆ ಗೊತ್ತಿಲ್ಲ. ಆಗ ಸೌತ್‌ಫೀಲ್ಡಿನಲ್ಲಿ ಅವಳ ಜೊತೆ ಊಟಕ್ಕೆ ಕೂತವರು ಯಾರಾದರೂ ಇದನ್ನು ಓದಿದರೆ ಬರೆದು ತಿಳಿಸಿ. ಅವಳು ಯಾವುದನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು?