ಕಾಕುವಿನ ಒದ್ದೆ ಮಡಿ

ಒಣಗದ ನೂಲಿನ ಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದೆ. ಬೊರಿವಲಿಯ ಈ ಮಳೆಯಲ್ಲಿ ನಮ್ಮ ಬಾಲ್ಕನಿಯ ಟವೆಲ್ಲಿಗೂ ಅದು ಹತ್ತಿದೆ. ಬೆಳಿಗ್ಗೆ ನನ್ನ ಬಿಗಿದ ಬೆರಳುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ, ಡಾಕ್ಟರು ಹೇಳಿದಂತೆ ಮಡಚಿ ಬಿಡಿಸಿ, ಒರೆಸಿಕೊಳ್ಳಲೆಂದು ಆ ಟವೆಲ್ ಎತ್ತಿಕೊಂಡೆ. ಮೂಗಿಗೆ ಬಡಿದದ್ದು ಮಲಾಡಿನ ಚಾಳು, ಪಕ್ಕದ ಖೋಲಿ, ಕಾಕು... ಚಹಾ ಕುಡಿದು ಮುಗಿಸಿದರೂ ಸಿಟ್ಟು ಇಳಿಯಲಿಲ್ಲ.

ಐವತ್ತರ ದಶಕದ ಮಾತು. ನಾನಾಗ ಶಾಲೆಗೆ ಹೋಗುವ ಹುಡುಗಿ. ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿದ್ದರೂ ಅವಳು ನಮ್ಮ ಸಂಬಂಧಿಕಳಲ್ಲ; ನಮ್ಮ ಹಾಗೆ ಧಾರವಾಡದ ಕಡೆಯವಳು, ಅಷ್ಟೇ. ಗಂಡ ಲೋಕಲ್ ಹಿಡಿದು ಆಫೀಸಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅವಳು ಮತ್ತು ಅವಳ ಮಾವ. ಮಾವ ಅಂದರೆ ಮಡಿ, ಮಡಿ ಅಂದರೆ ಮಾವ. ಹಿಂದಿನ ದಿನ ಒಗೆದು, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಕೋಲಿನಿಂದ ಹರವಿದ ಸೀರೆಯನ್ನೇ ಉಟ್ಟು ಅವಳು ಅಡಿಗೆ ಮಾಡಬೇಕು. ಧಾರವಾಡದ ಗಾಳಿಗೆ ಒಣಗುತ್ತಿತ್ತೋ ಏನೋ, ಮುಂಬೈ ಮಳೆಗಾಲದಲ್ಲಿ ಒಣಗುವುದುಂಟೇ? ಒದ್ದೆಯನ್ನೇ ಸುತ್ತಿಕೊಂಡು, ತಣ್ಣೀರಿನಲ್ಲಿ ಅಕ್ಕಿ ತೊಳೆದು, ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಮಾವ ಮಾತ್ರ ರೇಷ್ಮೆಯ ಮಗುಟ ಉಟ್ಟು ದೇವರ ಮುಂದೆ ಬೆಚ್ಚಗೆ ಕೂರುತ್ತಿದ್ದರು. ರೇಷ್ಮೆ, ಉಣ್ಣೆಗಳಿಗೆ ದಿನಾ ಒಗೆಯುವ ಕಟ್ಟಳೆ ಇಲ್ಲ. ಅವು ಒಗೆಯದಿದ್ದರೂ ಮಡಿಯೇ. ಎಂಥ ಅನುಕೂಲದ ಶಾಸ್ತ್ರ, ನೋಡಿ.

ಕಾಕುವಿಗಿನ್ನೂ ಮೂವತ್ತು ದಾಟಿರಲಿಲ್ಲ. ಬೆಳಗಾದರೆ ಬೆರಳಿನ ಗೆಣ್ಣುಗಳು ಕೆಂಪಗೆ ಬಾತಿರುತ್ತಿದ್ದವು. ನಮ್ಮ ಬಾಗಿಲನ್ನು ಮೊಣಕೈಯಿಂದ ತಟ್ಟುತ್ತಿದ್ದಳು. ಮಾವ ಅದನ್ನು ವಾಯು ಎಂದರು. ಬಟಾಟೆ ನಿಂತಿತು, ಬದನೆಕಾಯಿ ನಿಂತಿತು, ತೊಗರಿಬೇಳೆ, ಮೊಸರು ಎಲ್ಲ ನಿಂತವು. ಅವಳು ಸೊರಗಿದಳೇ ಹೊರತು ಬಾವು ಇಳಿಯಲಿಲ್ಲ. ಬಿಡುವಿದ್ದಾಗ ಸೀರೆ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಕೈನೋವಿದ್ದವಳಿಗೆ ಸೂಜಿ ಏಕೆಂದು ಅದನ್ನೂ ಬಿಡಿಸಿದರು. ರುಬ್ಬುವ ಕಲ್ಲನ್ನು ಮಾತ್ರ ಯಾರೂ ಬಿಡಿಸಲಿಲ್ಲ.

ಕೊನೆಗೆ ನನ್ನ ಅವ್ವ ಅವಳನ್ನು ಸ್ಟೇಶನ್ ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಇದು ವಯಸ್ಸಿಗೆ ಸವೆದ ಕೀಲಲ್ಲ, ಕೀಲೇ ಒಳಗಿನಿಂದ ಉರಿದು ಊದಿಕೊಳ್ಳುವ ಸಂಧಿವಾತ, ಪೂರ್ತಿ ಹೋಗುವುದು ಕಷ್ಟ ಎಂದು ಅವರು ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟರು. ಹೊಟ್ಟೆ ತುಂಬ ಉಣ್ಣಬೇಕು, ಬಾತಾಗ ಭಾರದ ಕೆಲಸ ಬಿಡಬೇಕು, ಇಳಿದಾಗ ಬಿಸಿನೀರಿನಲ್ಲಿ ಬೆರಳು ಆಡಿಸಬೇಕು, ಇಲ್ಲದಿದ್ದರೆ ಮಡಚಿದ್ದು ಮಡಚಿಯೇ ಉಳಿಯುತ್ತದೆ ಎಂದರು. ಒದ್ದೆ ಬಟ್ಟೆಯಂತೂ ಕೂಡದು, ತಂಪಿಗೆ ಬಿಗಿತವೂ ನೋವೂ ಹೆಚ್ಚುತ್ತವೆ ಎಂದರು.

ಅವ್ವ ಟ್ರಂಕಿನಿಂದ ತನ್ನ ಉಣ್ಣೆಯ ಧಾಬಳಿ ತೆಗೆದು ಒಯ್ದಳು. ಅದೂ ಮಡಿ ಬಟ್ಟೆಯೇ, ಒಣಗಿದ್ದು, ಬೆಚ್ಚಗಿನದು. ಮಾವ ಬಾಗಿಲಲ್ಲೇ ತಡೆದರು.

"ಪೂಜಾಕ್ಕ ನಡೀತದ. ಅಡಿಗಿಗೆ ನೀರಾಗ ಹಿಂಡಿದ್ದೇ ಆಗಬೇಕು. ನಮ್ಮ ಮನ್ಯಾಗ ಹಿಂಗೇ ನಡಕೊಂಡು ಬಂದದ."

"ನಿಮ್ಮ ಮೈಮ್ಯಾಲಿನ ಮಗುಟಾ ಎಂದ ಹಿಂಡೀರಿ?" ಎಂದು ಅವ್ವ ಕೇಳಿದಳು.

ಅವರು ಬಾಗಿಲು ಹಾಕಿಕೊಂಡರು. ಸಂಜೆ ಕಾಕುವಿನ ಗಂಡನನ್ನು ಕೇಳಿದರೆ, "ಅಪ್ಪಗ ನಾ ಹ್ಯಾಂಗ ಹೇಳ್ಲಿ, ವೈನಿ?" ಎಂದು ತನ್ನ ಚಪ್ಪಲಿ ನೋಡುತ್ತ ನಿಂತ. ಧಾಬಳಿ ಮತ್ತೆ ನಮ್ಮ ಟ್ರಂಕು ಸೇರಿತು. ಮಳೆಗಾಲಗಳು ಬಂದು ಹೋದವು, ಕಾಕುವಿನ ಬೆರಳುಗಳು ಒಂದೊಂದಾಗಿ ಓರೆಯಾಗಿ ಗಟ್ಟಿಯಾದವು...

ಆಮೇಲೊಮ್ಮೆ ಮಾವನವರಿಗೆ ಮೊಣಕಾಲು ಹಿಡಿಯಿತು. ಅದೇ ಡಾಕ್ಟರು ಮನೆಗೇ ಬಂದು ಅದೇ ಮಾತು ಹೇಳಿದರು. ಬೆಚ್ಚಗಿರಬೇಕು, ಬಿಸಿ ಶಾಖ ಕೊಡಬೇಕು. ಈ ಸಲ ಮನೆತನದ ಪದ್ಧತಿ ಯಾವುದೂ ಅಡ್ಡ ಬರಲಿಲ್ಲ. ಮುದುಕರು ಶಾಲು ಹೊದ್ದು ಕಾಲು ಚಾಚಿ ಕೂತರು. ಕಾಕು ಆ ಸೊಟ್ಟ ಕೈಗಳಿಂದಲೇ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಅವರ ಮೊಣಕಾಲಿಗೆ ಇಡತೊಡಗಿದಳು. ನೋಡಿದ ಅವ್ವನಿಗೆ ತಡೆಯಲಾಗಲಿಲ್ಲ.

"ಆ ಕೈಲೇ ಯಾಕ ಹಿಂಡತೀ? ನಿನ್ನ ಗಂಡಗ ಹೇಳು."

ಕಾಕು ನಕ್ಕಳು. "ಇರಲಿ ಬಿಡ್ರಿ, ವೈನಿ. ಅವರಿಗೆ ಶಾಖ ಕೊಡೂ ಮುಂದ ನನ್ನ ಕೈನೂ ಬಿಸಿನೀರಾಗ ಇರ್ತಾವಲ್ಲ."

ಕಾಕು ಹೋಗಿ ಎಷ್ಟೋ ವರ್ಷವಾಯಿತು. ಆ ಚಾಳೂ ಇಲ್ಲ. ಅವಳ ರೋಗ ಗುಣವಾಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಡಾಕ್ಟರ ಮಾತು ನಡೆಸಿದ್ದರೆ ಬೆರಳು ಇನ್ನಷ್ಟು ಕಾಲ ಉಳಿಯುತ್ತಿದ್ದವು, ಒಂದಿಷ್ಟು ಕಸೂತಿಯಾದರೂ ಆಗುತ್ತಿತ್ತು. ನನ್ನ ಸೊಸೆ ಕೇಳದೆಯೇ ದಿನಾ ನೀರು ಕಾಯಿಸಿ ಇಡುತ್ತಾಳೆ. ಅದರಲ್ಲಿ ಕೈ ಅದ್ದಿದಾಗಲೆಲ್ಲ ಕಾಕು ನೆನಪಾಗಿ ಸಿಟ್ಟು ಬರುತ್ತದೆ. ಇಷ್ಟು ಬಿಸಿನೀರಿಗಾಗಿ ಅವಳು ಮಾವನ ಮೊಣಕಾಲು ನೋಯುವವರೆಗೆ ಕಾಯಬೇಕಾಯಿತು.